ಮರಿಗಳ ಮೇಲಿನ ಬಲೆ

ಮಾರ್ಚ್ ೧೧, ಬುಧವಾರ

ಮೂರು ಮರಿ ಹೋದವು. ಹದ್ದು ಒಯ್ದಿತು ಎಂದು ಎಲ್ಲರಿಗೂ ಹೇಳಿದ್ದೇನೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಕೋಳಿಮರಿಗಳ ಬೇಲಿಯ ಮೇಲೆ ಹೊದಿಸಿದ್ದ ಬಲೆಯನ್ನು ಬೆಳಿಗ್ಗೆ ಬಿಚ್ಚಿದವಳು ನಾನು. ಅಂಬ್ಲಿಗೊಳದಲ್ಲಿ ಮೀನು ಹಿಡಿಯುವವರ ಹತ್ತಿರ ಅತ್ತೆಯೇ ಕೇಳಿ ತಂದಿದ್ದ ಹಳೆಯ ಬಲೆ. ತಾರಸಿಯ ಮೇಲೆ ಹಸಿ ಸಂಡಿಗೆ ಇಟ್ಟಿದ್ದೆ, ಕಾಗೆ ಕಾಟ. ಒಂದು ಗಂಟೆಯ ಮಟ್ಟಿಗೆ ಎಂದು ಅದನ್ನೇ ಒಯ್ದು ಹೊದಿಸಿದೆ. ಆಮೇಲೆ ಫೋನಿನಲ್ಲಿ ಅಕ್ಕನ ಜೊತೆ ಮಾತಿಗೆ ಕುಳಿತೆ. ಹೇಂಟೆ ಕಿರುಚಿದಾಗಲೂ ಬೆಕ್ಕು ಕಂಡಿರಬೇಕು ಎಂದು ಏಳಲಿಲ್ಲ. ಎದ್ದು ಹೋಗುವಷ್ಟರಲ್ಲಿ ಹದ್ದು ಮೂರನೆಯದನ್ನು ಎತ್ತಿಕೊಂಡು ಹಾರುತ್ತಿತ್ತು.

ಯಾರೂ ನೋಡುವ ಮೊದಲೇ ಬಲೆಯನ್ನು ತಂದು ಮತ್ತೆ ಕಟ್ಟಿದೆ. ಬರೆಯಲೂ ನಾಚಿಕೆ.

ಮಧ್ಯಾಹ್ನ ಇವರು, "ಬಲೆ ಇದ್ದೂ ಹೆಂಗೆ ಒಯ್ತು?" ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ, "ನುಚ್ಚು ಹಾಕಾಕೆ ನಾನೇ ಸರಿಸಿದ್ದೆ ಕಣಪ್ಪ. ಸರಿಯಾಗಿ ಮುಚ್ಚಲಿಲ್ಲ ಅನ್ಸುತ್ತೆ. ಕಣ್ಣು ಮಬ್ಬಾಗೈತೆ," ಅಂದರು. ನಾನು ಇವರ ತಟ್ಟೆಗೆ ಅನ್ನ ಬಡಿಸಿದೆ. ಅತ್ತೆ ಊಟ ಮಾಡಲಿಲ್ಲ.

ಸಂಜೆ ಉಳಿದ ಮರಿಗಳನ್ನು ಬುಟ್ಟಿಗೆ ಹಾಕಿದ ಮೇಲೆ ಅತ್ತೆ ಬಲೆಯನ್ನು ಉದ್ದಕ್ಕೂ ಕೈಯಲ್ಲಿ ತಡವುತ್ತಾ ಹೋದರು, ಎಲ್ಲಾದರೂ ಹರಿದಿದೆಯೋ ಎಂದು. ಬೆರಳಿಗೆ ಏನೋ ಸಿಕ್ಕಿತು. ಕಿತ್ತು, ಕಣ್ಣಿನ ಹತ್ತಿರ ಹಿಡಿದು ನೋಡಿ, ಬಾಯಿಗೆ ಹಾಕಿಕೊಂಡರು. ಬಲೆಗೆ ಅಂಟಿ ಒಣಗಿದ ಸಂಡಿಗೆ.

ನನ್ನ ಕಡೆ ತಿರುಗಲಿಲ್ಲ. ನಿಧಾನವಾಗಿ ಅಗಿದರು.

"ಉಪ್ಪು ಸರಿಯಾಗೈತೆ ಬಿಡವ್ವ," ಅಂದು ಒಳಗೆ ಹೋದರು.