ಗುರುದೇವಿ ಹೆಸರಿಗೆ ಎದ್ದು ನಿಂತಾಕಿ

ನಾಂಪಲ್ಲಿ, ಹೈದರಾಬಾದ್
ನವೆಂಬರ್, ಶುಕ್ರವಾರ ರಾತ್ರಿ

ಪ್ರೀತಿಯ ಅಕ್ಕಾ,

ಅದರ ಮ್ಯಾಲ ಟ್ಯಾಬಿನ ಚಾರ್ಜೂ ಹೋತು ನೋಡು. ಮುಂಜಾನಿಂದ ಒಂದರ ಹಿಂದ ಒಂದು. ಬಸ್ ಶಂಶಾಬಾದ್ ದಾಟಿ ಕೆಟ್ಟು ನಿಂತು ನಮ್ಮನ್ನೆಲ್ಲ ಬಿಸಿಲಾಗ ಇಳಿಸ್ತು. ಮಾದಾಪುರದ ಆಫೀಸಿಂದ ಚಂದ್ರಕಾಂತ ಸರ್ ಫೋನ್ ಹಚ್ಚಿ, ನಿನ್ನೆ ಕಳಿಸಿದ ಫೋಟೋದಾಗ ಸಂಡಾಸದ ಬಾಗಲಾ ಕಾಣಂಗಿಲ್ಲ, ಬರೇ ಗ್ವಾಡಿ ಐತಿ ಅಂತ ಬೈದ್ರು. ಈಗ ರೂಮಿಗೆ ಬಂದ್ರ ಸಂಗಾಟ ಇರೂ ಕಾಶಿನಾಥ ಚಾದರದೊಳಗಿಂದನ, ಹಗಲೆಲ್ಲ ನಾಲಿಗಿ ಅಡಾ ಇಟ್ಟಿದ್ದೇನು, ರಾತ್ರಿ ಬಿಡಿಸ್ಕೊಂಡು ಬರ್ತಿ ಅಂತಾನ. ಅದಕ್ಕ ಮಾಳಗಿ ಮ್ಯಾಲ ನೀರಿನ ಟಾಕಿ ಬಾಜೂಕ ನಿಂತು ಈ ಪತ್ರ ಫೋನಿನ್ಯಾಗ ಮಾತಾಡಿ ಕಳಸಾಕತ್ತೀನಿ. ಇರಲಿ, ಮೊದಲ ಕೇಳೂದು ಕೇಳ್ತೀನಿ. ನಿನ್ನ ನಡಾ ಹ್ಯಾಂಗೈತಿ? ಪುಣೆದಾಗ ಥಂಡಿ ಬಿದ್ದೈತಂತ. ಇಟ್ಟಂಗಿ ಹೊರೂದು ಬಿಟ್ಟು ಗ್ವಾಡಿಗೆ ನೀರು ಹೊಡಿಯೂ ಕೆಲಸ ಕೇಳು ಅಂದಿದ್ನಿ, ಕೇಳಿದೇನು? ಸುವರ್ಣಾ, ನೀನೂ ಕೇಳಾಕತ್ತಿದ್ರ ಸಾಕು ಮಾಡವಾ. ನಿನ್ನ ಫೋನ್ ಇರಲಿಲ್ಲಂದ್ರ ನಮ್ಮ ಅಕ್ಕ ತಮ್ಮನ ಮಾತ ಇಲ್ಲ, ಖರೇ, ಆದ್ರ ಇವತ್ತು ಫೋನ್ ಅಕ್ಕನ ಕಿವಿಗೆ ಕೊಟ್ಟು ಅತ್ತಾಗ ಹೋಗು.

ನನ್ನ ಕೆಲಸ ಏನಂತ ನೀ ಪ್ರತಿಸಲ ಕೇಳ್ತಿ, ನಾ ಪ್ರತಿಸಲ ಹೇಳ್ತೀನಿ. ದುಡಿಯಾಕ ಊರು ಬಿಟ್ಟು ಬಂದವರ ಹೆಣ್ಮಕ್ಕಳಿಗಂತ ಸರ್ಕಾರ ಬ್ಯಾರೇನ ಅನುದಾನ ಕೊಟ್ಟು ಹಾಸ್ಟೆಲ್ ನಡಸ್ತೈತಿ. ಹುಡುಗಿಗೊಂದು ಮಂಚ, ವಾರಕ್ಕ ಇಷ್ಟು ತತ್ತಿ, ಕುಡಿಯಾಕ ಫಿಲ್ಟರ್ ನೀರು, ರಾತ್ರಿ ಕಾಯಾಕ ಹೆಣ್ಮಗಳು, ಹಿಂಗ ರೂಲ್ಸ್ ಅದಾವು. ಜಿಲ್ಲಾದವರು ಅದರಂಗ ನಡಕೋತಾರೋ ಇಲ್ಲೋ ನಾವು ಹೋಗಿ ನೋಡಬೇಕು. ಅಂದ್ರ ಮಂದಿ ಮನಿ ಗಡಗಿ ಮುಚ್ಚಳ ತಗದು ನೋಡೂ ಕೆಲಸ ಅಂತ ನೀ ನಕ್ಕಿದ್ದಿ. ಹೌದು, ಅದ. ಅದರಾಗ ನಮಗೂ ಒಂದು ರೂಲ್ ಐತಿ. ತಮ್ಮ ಬಳಗದ ಹುಡುಗಿ ಇದ್ದ ಹಾಸ್ಟೆಲಿಗೆ ತಪಾಸಕ್ಕ ಹೋಗಬಾರದು, ಇದ್ರ ಮೊದಲ ಹೇಳಬೇಕು. ಇವತ್ತು ಹೋಗೂದು ನಿನ್ನ ಮಗಳು ಗುರುದೇವಿ ಇರೂ ಹಾಸ್ಟೆಲ್ ಅಂತ ನಿನ್ನೆ ಗೊತ್ತಾತು. ನಾ ಹೇಳಲಿಲ್ಲ. ನೀವು ಪುಣೆಗೆ ಹೋದ ಮ್ಯಾಲ ಅಕಿ ಮಾರಿ ನೋಡಿದವರು ಯಾರು? ಒಂದು ಸಲ ಕಣ್ಣಿಲೆ ನೋಡಿ ಬರ್ತೀನಿ, ಯಾರಿಗೆ ತಿಳಿತೈತಿ ಅಂದುಕೊಂಡ್ನಿ.

ದಾರಿ ಉದ್ದಕ್ಕ ನನಗ ಒಂದ ಅಂಜಿಕಿ. ಅಕಿ ನನ್ನ ನೋಡಿ ಮಾಮಾ ಅಂತ ಓಡಿ ಬಂದ್ರ ನನ್ನ ನೌಕರಿ ಅಲ್ಲೇ ಮುಗೀತು. ದಸರಾದಾಗ ಫೋನ್‌ನ್ಯಾಗ ಹೇಳಿದ್ನಿ, ನಾ ಎಂದರ ತಪಾಸಕ್ಕ ಬಂದ್ರ ಗುರ್ತು ಹಿಡಿಬ್ಯಾಡ, ಸರ್ ಅನ್ನು ಅಂತ. ಅದಕ್ಕ ಅಕಿ, ಸರ್ ಅನ್ನಾಕ ಮೊದಲ ನಿನ್ನ ಅಂಗಿ ಇಸ್ತ್ರಿ ಆಗಿರಬೇಕು ಮಾಮಾ ಅಂದಿದ್ಳು. ನಿನ್ನ ಬಾಯಿ ಬಂದೈತಿ ಅಕಿಗ. ಹಂಗಂತ ಇವತ್ತು ಇಸ್ತ್ರಿ ಅಂಗಿನ ಹಾಕ್ಕೊಂಡು ಹೋಗಿದ್ನಿ.

ಹುಡುಗಿಯರನ್ನ ಅಂಗಳದಾಗ ಸಾಲಾಗಿ ಕುಂಡ್ರಿಸಿದ್ರು. ನಾ ಹೆಸರು ಕರಿಬೇಕು, ಅವರು ಎದ್ದು ನಿಲ್ಲಬೇಕು, ಒಬ್ಬೊಬ್ಬರದೂ ಫೋಟೋ ಹೊಡಿಬೇಕು. ನಾ ಮಾರಿ ಎತ್ತಲಿಲ್ಲ. ಅಕಿ ಕಣ್ಣಿಗೆ ಕಣ್ಣು ಕೂಡಿದ್ರ ನಗು ಬರ್ತೈತಿ ಅಂತ. ಗುರುದೇವಿ ಅಂದ್ನಿ. ಪ್ರೆಸೆಂಟ್ ಸಾರ್ ಅಂತು ಒಂದು ಸಣ್ಣ ದನಿ. ನೋಡಿದ್ರ ಬ್ಯಾರೆ ಹುಡುಗಿ, ಅಕ್ಕಾ. ಮೈಗೆ ದೊಗಳೆ ಆದ ಯೂನಿಫಾರ್ಮು, ಕಣ್ಣು ನೆಲಕ್ಕ. ಊರು ಯಾವುದವಾ ಅಂತ ನಮ್ಮ ಮಾತಿನ್ಯಾಗ ಕೇಳಿದ್ನಿ. ಅಕಿ ವಾರ್ಡನ್ ಮೇಡಂ ಮಾರಿ ನೋಡಿದ್ಳು. ನಾ ಹಂಗ ಫೋಟೋ ಹೊಡದ್ನಿ. ಟ್ಯಾಬಿನ್ಯಾಗ ಹಸಿರು ಗುರ್ತು ಬಂತು. ಗುರುದೇವಿ ಹಾಜರ್ ಅಂತ ತೋರಿಸ್ತು. ಆಜೂಬಾಜೂ ಕೂತ ಹುಡುಗಿಯರು ಒಬ್ಬರೂ ತಲಿ ಎತ್ತಲಿಲ್ಲ.

ಮಂಚ ತೋರಸ್ರಿ ಅಂದ್ನಿ. ಗುರುದೇವಿ ಮಂಚದ ಮ್ಯಾಲಿನ ಚಾದರ ಒಂದು ಸುಕ್ಕಿಲ್ಲದಂಗ ಬಿಗಿದಿದ್ರು. ತಳಗ ನೀ ಕೊಡಿಸಿದ ಟ್ರಂಕ್ ಇರಲಿಲ್ಲ. ಆಗ ನಾ ವಾರ್ಡನ್‌ಗ ಮೆಲ್ಲಕ ಹೇಳಿದ್ನಿ, ಮೇಡಂ, ಆಗ ಎದ್ದು ನಿಂತಾಕಿ ಗುರುದೇವಿ ಅಲ್ಲ. ಮೇಡಂ ಒಳಗ ಕರಕೊಂಡು ಹೋಗಿ, ಚಾ ತರಿಸಿ, ಬಾಗಲಾ ಹಾಕಿದ್ರು. ಆಮ್ಯಾಲ ತೆಲುಗಿನ್ಯಾಗ ಹೇಳಿದ್ರು, "ಮೇನಮಾಮ ವಚ್ಚಿ ತೀಸ್ಕೆಳ್ಳಾಡು ಸಾರ್." ಸೋದರಮಾವ ಬಂದು ಕರಕೊಂಡು ಹೋದನಂತ. ಎರಡು ದಿನದ ಸೂಟಿ ಅಂತ ಹೇಳಿ ಹೋದವರು ವಾರ ದಾಟಿದ್ರೂ ಬಂದಿಲ್ಲ. ಹೆಸರು ಹೊಡದು ಹಾಕಿದ್ರ ತಲಿ ಲೆಕ್ಕ ಕಮ್ಮಿ ಆಗ್ತೈತಿ, ಅನುದಾನ ನಿಲ್ತೈತಿ, ಉಳಿದ ಮಕ್ಕಳ ತತ್ತಿ ಹೋಗ್ತೈತಿ, ಅದಕ್ಕ ಬಾಜೂ ಹಾಸ್ಟೆಲ್‌ನ ಹುಡುಗಿನ ಒಂದು ದಿನಕ್ಕ ಕರಸೇವಿ ಅಂದ್ರು. ಉಪ್ಪು ತರಿಸಿದಷ್ಟು ಸಲೀಸಾಗಿ ಹೇಳಿದ್ರು.

ಮಾವನ ಹೆಸರೇನು ಅಂತ ಕೇಳಿದ್ನಿ. ಹುಲಗೇಶ ಅಂದ್ರು. ನನ್ನ ಹೆಸರ.

ಅಕ್ಕಾ, ನಮ್ಮವ್ವನ ಹೊಟ್ಟಿಲೆ ಹುಟ್ಟಿದ ಗಂಡಸು ನಾ ಒಬ್ಬನ. ಹೆಸರು ಹೇಳಿದ ಮ್ಯಾಲ ಮೇಡಂ ಕಣ್ಣು ನನ್ನ ಕೊಳ್ಳಾಗಿನ ಕಾರ್ಡಿಗೆ ಬಂದ್ವು. ಅಲ್ಲೇ ನಿಂತ್ವು. ಕಾರ್ಡ್ ಓದಿ ಚಾದ ಕಪ್ಪು ನನ್ನ ಕಡೆ ಸರಿಸಿ, ಎಲ್ಲಾ ಊರಿನ ಮಾತು ಬಲ್ಲಾಕಿ, ಈ ಸಲ ಹಿಂದಿಯಾಗ ನಿಧಾನಕ ಅಂದ್ರು, ಹಂಗಾದ್ರ ನೀವೂ ಇದನ್ನ ಬರಿಯಾಕ ಬರಂಗಿಲ್ಲ ಸಾರ್, ಸ್ವಂತ ಬಳಗದ ಹಾಸ್ಟೆಲಿಗೆ ತಪಾಸಕ್ಕ ಬಂದೀರಿ. ಜೋರು ಮಾಡಲಿಲ್ಲ. ಬಿಸ್ಕೀಟ್ ತಗೋರಿ ಅಂತ ಪ್ಲೇಟೂ ಮುಂದ ಇಟ್ರು.

ಹೊರಗ ಬಂದು ಚಂದ್ರಕಾಂತ ಸರ್‌ಗ ಫೋನ್ ಹಚ್ಚಿ ಎಲ್ಲಾ ಒಪ್ಪಿಕೊಂಡ್ನಿ. ನೌಕರಿ ಹೋದ್ರ ಹೋಗಲಿ ಅಂತ. ಮೈಸೂರಿನವರು, ಬೈದ್ರೂ ಮೆತ್ತಗ ಬೈತಾರ. "ನೀವು ಸಂಬಂಧಿಕರು ಅಂದ್ಮೇಲೆ ನಿಮ್ಮ ರಿಪೋರ್ಟ್ ನಡೆಯೋದಿಲ್ಲ ಹುಲಗೇಶ್. ಸೋಮವಾರ ಬೇರೆಯವರನ್ನ ಕಳಿಸ್ತೀನಿ. ಅಲ್ಲಿ ತನಕ ಆ ಹುಡುಗಿಯ ತಾಯಿ ದೂರು ಕೊಟ್ರೆ ಮಾತ್ರ ಏನಾದ್ರೂ ಆಗುತ್ತೆ" ಅಂದ್ರು. ಸೋಮವಾರ ಹೋದವರಿಗೆ ಖರೇ ಹುಡುಗಿ ಯಾರು, ಸುಳ್ಳು ಹುಡುಗಿ ಯಾರು ಅಂತ ಹ್ಯಾಂಗ ತಿಳಿಬೇಕು? ಹಸಿರು ಗುರ್ತು ನಾನ ಹೊಡದು ಬಂದೀನಿ.

ಅದಕ್ಕ ನೀ ದೂರು ಕೊಡಬೇಕು ಅಕ್ಕಾ. ಬರಿಯೂದು ಬ್ಯಾಡ, ಫೋನಿನ್ಯಾಗ ನಿನ್ನ ಬಾಯಿಲೆ ಹೇಳಿದ್ರ ಸಾಕು, ಮುಂದಿಂದು ನಾ ಓಡಾಡ್ತೀನಿ. ಅಂಜಬ್ಯಾಡ. ಉಣ್ಣೂದು ಬಿಡಬ್ಯಾಡ. ಸುವರ್ಣಾಗ ನನ್ನ ನಮಸ್ಕಾರ ಹೇಳು, ಅಕಿ ಮಗನಿಗೆ ಆಶೀರ್ವಾದ. ನಿನ್ನ ನಡಕ್ಕ ಎಳ್ಳೆಣ್ಣಿ ಬಿಸಿ ಮಾಡಿ ತಿಕ್ಕಸ್ಕೋ. ದೇವರು ನಮ್ಮ ಹುಡುಗಿನ ಕಾಯಲಿ.

ನಿನ್ನ ತಮ್ಮ,
ಹುಲಗೇಶ

ತಡಿ ಅಕ್ಕಾ, ಇನ್ನೊಂದು. ಕೆಳಗ ಹೋಗಿ ಮಲಗಿದ್ನಿ, ಆಗಲಿಲ್ಲ, ಮತ್ತ ಮ್ಯಾಲ ಬಂದೀನಿ. ಇದನ್ನ ಒಬ್ಬಾಕಿನ ಕೇಳು. ಹಾಸ್ಟೆಲ್ ಗೇಟಿನ್ಯಾಗ ಅಡಗಿ ಮಾಡೂ ಅವ್ವ ನನ್ನ ತಡದ್ಳು. ನಾರಾಯಣಪೇಟ ಕಡಿಯಾಕಿ, ನಮ್ಮ ಮಾತು ಬರ್ತೈತಿ. ಗುರುದೇವಿನ ಒಯ್ಯಾಕ ಬಂದವನಿಗೆ ವಾರ್ಡನ್ನ ಹೇಳಿಕೊಟ್ರಂತ, ಅಪ್ಪ ಅಂತ ಹೇಳಿ ಒಯ್ದ್ರ ಹೆಸರು ತಗಿಬೇಕಾಗ್ತೈತಿ, ಮಾವ ಅಂತ ಹೇಳು, ಸೂಟಿ ಅಂತ ನಡಿತೈತಿ ಅಂತ. ಅಂವ ನನ್ನ ಹೆಸರು ಕೊಟ್ಟ. ನಮ್ಮ ಹುಡುಗಿ ಅವನ್ನ ನೋಡಿ ಅಪ್ಪಾ ಅಂತ ಕುಣಕೋತ ಬಂದ್ಳಂತ. ಸಂಗಾಟ ಗದ್ದದ ಮ್ಯಾಲ ಹಚ್ಚಿ ಹಾಕಿಸ್ಕೊಂಡ ಒಬ್ಬ ಹೆಣ್ಮಗಳು ಇದ್ಳಂತ. ಅಕಿ ಯಾರು ಅಂತ ನಿನಗ ನಾ ಹೇಳಬೇಕಿಲ್ಲ, ನಿನ್ನ ನಾದಿನಿ. ಗೇಟಿನ್ಯಾಗ ನಿಂತು ಅಕಿ ನಮ್ಮ ಹುಡುಗಿಯ ಎರಡೂ ಕೈಗೆ ಹಸಿರು ಬಳಿ ಏರಿಸಿದ್ಳಂತ. ಯಾರ ಮದುವಿ ಐತಿ ಅತ್ತೀ ಅಂತ ಹುಡುಗಿ ಕೇಳಿದ್ರ, ನಡಿ, ಅಲ್ಲಿ ಹೋದ ಮ್ಯಾಲ ತಿಳಿತೈತಿ ಅಂದ್ಳಂತ.

ನಿನ್ನ ನಾದಿನಿ ಮಗ ಕಬ್ಬು ಕಡಿಯಾಕ ಹೋಗ್ತಾನ. ಆ ಗ್ಯಾಂಗಿನ್ಯಾಗ ಗಂಡ ಹೆಂಡತಿ ಜೋಡಿ ಇಲ್ಲದವರನ್ನ ತಗೊಳ್ಳಂಗಿಲ್ಲ. ಕಬ್ಬು ಕಡಿಯೂದು ಈ ತಿಂಗಳ ಚಾಲೂ ಆಗೈತಿ. ಗುರುದೇವಿಗೆ ಇನ್ನೂ ಹದಿಮೂರು ತುಂಬಿಲ್ಲ. ಮೇಸ್ತ್ರಿನ ನೋಡಾಕ ಸೋಲಾಪುರಕ್ಕ ಹೋಗಿದ್ನಿ ಅಂತ ಭಾವ ನಿನಗ ಹೇಳಿರಬೇಕು. ನಿನ್ನೆ ಒಬ್ಬನ ತಿರುಗಿ ಬಂದಾನಂತ ಸುವರ್ಣಾ ಹೇಳಿದ್ಳು. ಮಕ್ಕಳ ಸಹಾಯವಾಣಿಗೆ ನಾ ಈಗಷ್ಟ ಫೋನ್ ಮಾಡಿದ್ನಿ, ಹುಡುಗಿ ಯಾವ ಊರಾಗ ಅದಾಳ ಅಂತ ಕೇಳ್ತಾರ. ಆ ಗ್ಯಾಂಗ್ ಈ ಸಲ ಎಲ್ಲಿ ಇಳದೈತಿ ನನಗ ಗೊತ್ತಿಲ್ಲ. ನಿನಗ ಗೊತ್ತಿರತೈತಿ, ಇಲ್ಲಾ ಭಾವನ ಬಾಯಿಂದ ಬಿದ್ದಿರತೈತಿ. ಅವನ್ನ ಕೇಳಬ್ಯಾಡ. ಎಬ್ಬಿಸಬ್ಯಾಡ. ನನಗ ಊರಿನ ಹೆಸರೊಂದು ಬೇಕು. ಅಕ್ಕಾ, ಇದೆಲ್ಲಾ ನಿನಗ ಮೊದಲ ಗೊತ್ತಿದ್ರೂ ಸೈತ ಫೋನ್ ಮಾಡು, ನಾ ಏನೂ ಅನ್ನಂಗಿಲ್ಲ. ನೀರಿನ ಟ್ಯಾಂಕರ್ ಬರೂ ಹೊತ್ತಿಗೆ ಸುವರ್ಣಾನ ಫೋನ್ ತಗೊಂಡು ಹೊರಗ ಬಾ. ಮುಂಜಾನೆ ಐದಕ್ಕ.