ಸುಣ್ಣದ ಹೂವಿನ ಮನೆ

ಸೋಮವಾರ, ಬೆಳಿಗ್ಗೆ

ಪ್ರೀತಿಯ ಅಕ್ಕನಿಗೆ ತಂಗಿಯ ನಮಸ್ಕಾರಗಳು.

ಇವತ್ತು ಅಮ್ಮನ ಉಪವಾಸ. ಬೆಳಗಾಗುವ ಮೊದಲೇ ಎದ್ದು ಆಡಿನ ಕೊಟ್ಟಿಗೆ ಗುಡಿಸಿ, ಹಾಲು ಕರೆದು, ಸ್ನಾನ ಮುಗಿಸಿ ದೇವರಿಗೆ ದೀಪ ಹಚ್ಚಿದೆ. ನೀರು ಬಿಟ್ಟರೆ ಸಂಜೆಯವರೆಗೆ ಬಾಯಿಗೆ ಏನೂ ಇಲ್ಲ. ಇದು ಯಾವ ದೇವರ ಉಪವಾಸವೇ ಎಂದು ಹೋದ ಸಲ ನೀನು ಕೇಳಿದ್ದೆ. ನನಗೂ ಗೊತ್ತಿಲ್ಲ ಅಕ್ಕಾ, ಕ್ಯಾಲೆಂಡರಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ಅಮ್ಮ ಪ್ರತಿ ವರ್ಷ ಇದೇ ತಾರೀಖಿಗೆ ಮಾಡುತ್ತಿದ್ದಳು. ಕಣ್ಣು ಮುಚ್ಚುವ ಮುಂಚೆ ನನ್ನ ಕೈ ಹಿಡಿದು, ಇದನ್ನು ಮಾತ್ರ ಬಿಡಬೇಡ ಎಂದಳು. ಬಿಟ್ಟಿಲ್ಲ, ಅಷ್ಟೇ. ದೋಣಿಯವಳು ಈಗ ತಾನೇ ಬಂದು ನಿನ್ನ ಸಿಹಿಯ ಡಬ್ಬಿ ಕೊಟ್ಟಳು. ವರ್ಷವೂ ನಾನು ಹಸಿದಿರುವ ದಿನವನ್ನೇ ನೋಡಿ ಕಳಿಸುತ್ತೀಯಲ್ಲ, ತಂಗಿಯನ್ನು ಗೋಳು ಹೊಯ್ದುಕೊಳ್ಳುವ ಚಾಳಿ ನಿನಗೆ ಇನ್ನೂ ಹೋಗಿಲ್ಲ.

ವಿಷಯಕ್ಕೆ ಬರುತ್ತೇನೆ. ಅಣೆಕಟ್ಟಿನ ಗೇಟು ರಿಪೇರಿಗೆಂದು ನೀರು ಬಿಟ್ಟಿರುವುದು ಕೇಳಿರುತ್ತೀಯ. ನಾವು ಊರು ಬಿಟ್ಟ ಮೇಲೆ ಇಷ್ಟು ಕೆಳಗೆ ಎಂದೂ ಇಳಿದಿರಲಿಲ್ಲ. ಕೆಸರು ಒಣಗಿ, ಬಿರುಕು ಬಿಟ್ಟು, ಹಸಿರು ಚಿಗುರಿದೆ. ಆಡು ಹೊಡೆದುಕೊಂಡು ದಿನಾ ಅಲ್ಲಿಗೇ ಹೋಗುತ್ತೇನೆ. ಅಕ್ಕಾ, ನಮ್ಮ ಮನೆ ಕಾಣಿಸುತ್ತಿದೆ.

ಗೋಡೆಯಲ್ಲ, ಕಲ್ಲನ್ನೆಲ್ಲ ನಾವೇ ಕಿತ್ತು ತಂದಿದ್ದೆವಲ್ಲ. ಕಾಣಿಸುತ್ತಿರುವುದು ಹೂವು. ಅಪ್ಪ ಸುಣ್ಣ ಸುಡುತ್ತಿದ್ದ ಗೂಡಿನ ಸುತ್ತ ಒಂದು ಗಿಡ ಬೆಳೆಯುತ್ತಿತ್ತು, ನೆನಪಿದೆಯೇ? ಮೊಣಕಾಲಿನಷ್ಟೂ ಎತ್ತರವಿಲ್ಲ. ಕಾಂಡಕ್ಕೆ ಅಂಟಂಟು ಬಿಳಿ ರೋಮ, ಎಲೆಯ ಅಂಚು ಗರಗಸದ ಹಲ್ಲಿನ ಹಾಗೆ, ಮುರಿದರೆ ಎಳೆ ಸೌತೆಕಾಯಿಯ ವಾಸನೆ. ಅಂಗಿಯ ಗುಂಡಿಯಷ್ಟು ಹಳದಿ ಹೂವು, ಐದು ಎಸಳು, ನಡುವೆ ಕಂದು ಚುಕ್ಕೆ. ಬಿಸಿಲು ಬಿದ್ದಾಗ ಅರಳಿ ಮಧ್ಯಾಹ್ನಕ್ಕೆ ಮುದುಡುತ್ತದೆ. ಸುಣ್ಣ ಬಿದ್ದ ಮಣ್ಣು ಬಿಟ್ಟು ಬೇರೆಲ್ಲೂ ಅದು ಹುಟ್ಟಿದ್ದು ನಾನು ನೋಡಿಲ್ಲ, ಅದಕ್ಕೇ ಅಪ್ಪ ಸುಣ್ಣದ ಹೂವು ಎನ್ನುತ್ತಿದ್ದ. ಆಡುಗಳೂ ಮೂಸಿ ಮುಖ ತಿರುಗಿಸುತ್ತವೆ. ಇಷ್ಟು ಕಾಲ ನೀರಿನಡಿ ಬೀಜ ಹೇಗೆ ಬದುಕಿತ್ತೋ ದೇವರೇ ಬಲ್ಲ.

ಗೋಡೆಯ ಗಾರೆ ಉದುರಿದ್ದಲ್ಲೆಲ್ಲ ಅದು ಸಾಲಾಗಿ ಎದ್ದಿದೆ. ನಡುಮನೆ, ಅಡುಗೆಮನೆ, ನೀನು ಮಲಗುತ್ತಿದ್ದ ಕೋಣೆ, ಎಲ್ಲವನ್ನೂ ಹಳದಿ ದಾರದಲ್ಲಿ ಹೊಲಿದಿಟ್ಟ ಹಾಗೆ. ಬಾಗಿಲಿದ್ದಲ್ಲಿ ಮಾತ್ರ ಹೂವಿಲ್ಲ. ನಾನು ಆ ಬಾಗಿಲಿನಿಂದಲೇ ಒಳಗೆ ಹೋದೆ, ತಲೆ ಬಗ್ಗಿಸಿಯೇ ಹೋದೆ. ದೋಣಿಯವಳು ದೂರದಿಂದ ನೋಡಿ, ಏನಕ್ಕಾ, ಗೋಡೇನೇ ಇಲ್ಲದ ಮನೇಲಿ ತಲೆ ಎಲ್ಲಿ ತಾಗುತ್ತೆ ಅಂತ ಬಗ್ತೀಯಾ ಎಂದು ನಕ್ಕಳು. ನನಗೂ ನಗು ಬಂತು. ಮಧ್ಯಾಹ್ನ ಹೂವು ಮುದುಡಿದರೆ ಮನೆ ಮಾಯ, ಬೆಳಿಗ್ಗೆ ಮತ್ತೆ ಅಲ್ಲೇ. ಹೆದರಿಕೆಯಾಗಲಿಲ್ಲ. ಹಿತ್ತಲಿಗೆ ಕಾಲಿಡುವವರೆಗೆ ಆಗಲಿಲ್ಲ.

ಹಿತ್ತಲಲ್ಲಿ ಗೋಡೆ ಇರಲಿಲ್ಲ, ಗೂಡು ಎಲ್ಲೋ ದೂರ. ಅಲ್ಲಿ ಈ ಗಿಡ ಬರಬಾರದು. ಅಮ್ಮ ಬಟ್ಟೆ ಒಗೆಯುತ್ತಿದ್ದ ಕಲ್ಲು ಮಗುಚಿ ಬಿದ್ದಿದೆ. ಅದು ಇದ್ದ ಜಾಗದಲ್ಲಿ ಒತ್ತೊತ್ತಾಗಿ ಹೂವು. ಕೈಯಿಟ್ಟು ನೋಡಿದೆ. ಉದ್ದ ನನ್ನ ಮೊಣಕೈಯಿಂದ ಬೆರಳ ತುದಿಯವರೆಗಿನ ಅಳತೆಗಿಂತ ಸ್ವಲ್ಪ ಹೆಚ್ಚು, ಅಗಲ ಒಂದು ಗೇಣು.

ಆ ಕಲ್ಲು ಮೊದಲು ಬಾವಿಯ ಪಕ್ಕದಲ್ಲಿತ್ತು. ನೀನು ಹೆತ್ತು ಜ್ವರದಲ್ಲಿ ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದಾಗ ಅಪ್ಪ ಅದನ್ನು ಉರುಳಿಸಿಕೊಂಡು ಹೋಗಿ ಅಲ್ಲಿ ಹಾಕಿದ. ಅಷ್ಟು ದೂರ ನೀರು ಹೊತ್ತು ಒಗೆಯುವ ಕರ್ಮ ಯಾಕಮ್ಮಾ ಎಂದು ಕೇಳಿದೆ. ಬಾಯಿ ಮುಚ್ಚೇ ಎಂದಳು. ಊರು ಬಿಡುವ ದಿನ ತಾನು ಬರುವುದಿಲ್ಲ ಎಂದು ಆ ಕಲ್ಲಿನ ಮೇಲೆ ಕೂತು ಅತ್ತಳಲ್ಲ, ಮನೆ ಮುಳುಗುತ್ತದೆಂದು ಅಳುತ್ತಾಳೆ ಎಂದುಕೊಂಡೆವು. ಈಗ ಕಣ್ಣಿಗೆ ಕಟ್ಟುತ್ತದೆ. ಅವಳು ಮನೆಗೆ ಬೆನ್ನು ಹಾಕಿ ಕೂತಿದ್ದಳು.

ಮದುವೆಗೆ ಮುಂಚೆ ಹುಟ್ಟಿದ ನಿನ್ನ ಮಗಳನ್ನು ಮಕ್ಕಳಿಲ್ಲದ ಗಂಡ ಹೆಂಡತಿ ಬಂದು ಕರೆದೊಯ್ದರು, ಹೆಸರು ಊರು ಕೇಳಬೇಡ ಎಂದಳು ಅಮ್ಮ. ಆ ಒಂದು ಮಾತು ಹಿಡಿದುಕೊಂಡು ನೀನು ಬದುಕಿದ್ದೀಯ. ಬಸ್ಸಿನಲ್ಲಿ ಆ ವಯಸ್ಸಿನ ಹೆಂಗಸು ಕಂಡರೆ ಇಳಿಯುವ ಜಾಗ ಮರೆತು ಮುಖ ನೋಡುತ್ತೀಯ. ಅವಳು ಹುಡುಕಿಕೊಂಡು ಬಂದರೆ ಎಂದು ಆ ಸೋರುವ ಬಾಡಿಗೆ ಕೋಣೆ ಬಿಟ್ಟು ನನ್ನ ಮನೆಗೆ ಬರಲು ಒಪ್ಪುವುದಿಲ್ಲ. ಹೊರಗೆ ಕೂತಿದ್ದ ನನಗೆ ಮಗುವಿನ ಅಳು ಕೇಳಿತು ಎಂದು ಹೇಳಿದ್ದೆ, ಅದನ್ನೂ ಗಂಟು ಕಟ್ಟಿಟ್ಟುಕೊಂಡಿದ್ದೀಯ. ಕೇಳಿದ್ದು ನಿಜ. ಆದರೆ ಅದೇ ವಾರ ನಮ್ಮ ಆಡು ಈದಿತ್ತು ಅಕ್ಕಾ. ಈಗ ಕೊಟ್ಟಿಗೆಯಲ್ಲಿ ಮರಿ ಕೂಗಿದರೆ ನನ್ನ ಕೈಯಲ್ಲಿದ್ದ ಕೆಲಸ ನಿಂತುಹೋಗುತ್ತದೆ.

ಸತ್ತೇ ಹುಟ್ಟಿತೋ, ಹುಟ್ಟಿ ಸತ್ತಿತೋ. ಮೂರನೆಯದನ್ನು ಬರೆಯಲು ಕೈ ಏಳುವುದಿಲ್ಲ, ನಮ್ಮನ್ನು ಹೆತ್ತವರು ದೇವರ ಪಾದ ಸೇರಿದ್ದಾರೆ. ಅಥವಾ ಅಲ್ಲಿ ಏನೂ ಇಲ್ಲದೆ ಅಪ್ಪ ಮಿಕ್ಕ ಸುಣ್ಣ ಚೆಲ್ಲಿದ್ದಿರಬಹುದು. ನಿನ್ನೆ ಗುದ್ದಲಿ ಹಿಡಿದು ಹೋಗಿ ಹಾಗೇ ಬಂದೆ. ಅದು ನನ್ನ ಹಕ್ಕಲ್ಲ. ಗುರುವಾರ ಗೇಟು ಮುಚ್ಚುತ್ತಾರಂತೆ, ಹಿತ್ತಲು ಮೊದಲು ಮುಳುಗುತ್ತದೆ. ಅಗೆಯಲೋ ಬಿಡಲೋ ನೀನೇ ಹೇಳು. ಅಗೆ ಎಂದರೆ ನೀನು ಬಂದು ಪಕ್ಕದಲ್ಲಿ ನಿಲ್ಲಬೇಕು. ಬಿಡು ಎಂದರೆ ಕಲ್ಲನ್ನು ಎತ್ತಿ ನಿಲ್ಲಿಸಿ, ದೀಪ ಇಟ್ಟು ಬರುತ್ತೇನೆ, ಈ ಮಾತು ಮತ್ತೆ ಎತ್ತುವುದಿಲ್ಲ. ನೀನು ಮಗಳ ದಾರಿ ಕಾಯುತ್ತಲೇ ಇರಬಹುದು.

ಇಂತಿ,
ನೀನು ಈಗಲೂ ಪುಟ್ಟಿ ಎಂದೇ ಕರೆಯುವ ತಂಗಿ

ತಾ.ಕ.: ಪತ್ರ ಕೊಡಲು ಮನೆಗೆ ಕರೆದರೆ ದೋಣಿಯವಳು ಮುಚ್ಚಿದ ಡಬ್ಬಿ ನೋಡಿ ಬೈದಳು. ಮಗಳು ಹುಟ್ಟಿದ ದಿನ ಅಂತ ನಿಮ್ಮಕ್ಕ ಆಸೆಯಿಂದ ಮಾಡಿ ಕಳ್ಸಿದ್ರೆ ನೀನು ಒಂದು ಚೂರೂ ಬಾಯಿಗೆ ಹಾಕಿಲ್ವಲ್ಲಕ್ಕಾ ಎಂದಳು. ನೀನು ಅವಳಿಗೆ ಹೇಳಿದ್ದೀಯ, ನನಗೆ ಎಂದೂ ಹೇಳಿರಲಿಲ್ಲ. ಆಗ ನಾನು ಸಣ್ಣವಳು, ಬೇಸಿಗೆ ಎನ್ನುವುದು ಬಿಟ್ಟು ತಾರೀಖು ನೆನಪಿರಲಿಲ್ಲ. ನೀನು ಸಿಹಿ ಮಾಡುತ್ತಿದ್ದ ದಿನವೇ ಅಮ್ಮ ಉಪವಾಸ ಇರುತ್ತಿದ್ದಳು ಅಕ್ಕಾ. ನಾಳೆ ಮೊದಲ ದೋಣಿಗೇ ಈ ಪತ್ರ ಕೊಟ್ಟು ದೋಣಿಯವಳನ್ನು ನಿನ್ನ ಬಾಗಿಲಿಗೆ ಕಳಿಸುತ್ತೇನೆ. ಉತ್ತರ ಅವಳ ಕೈಗೆ ಕೊಡು. ಬರೆಯಲಾಗದಿದ್ದರೆ ಬರೀ ಹಾಳೆಯನ್ನೇ ಮಡಿಸಿ ಕೊಡು, ಅವಳು ತಂದುಕೊಡುತ್ತಾಳೆ, ಬಿಡು ಎಂದೇ ತಿಳಿದುಕೊಳ್ಳುತ್ತೇನೆ.