ಮೂರನೆಯ ಭಾಗದ ಊಟದ ದೃಶ್ಯ

ಭಾನುವಾರ, ಮಾರ್ಚ್ ೧೭

ಪ್ರಿಯ ಉದ್ದಣ್ಣ,

ನಿನ್ನ ಕಾಗದ ಬಂದು ಏಳು ತಿಂಗಳಾಯಿತು. ಉತ್ತರ ಬರಲಿಲ್ಲವೆಂದು ಬೈದುಕೊಂಡಿರುತ್ತೀಯ. ಬೈಯದೆ ಸುಮ್ಮನಿದ್ದಿದ್ದರೆ ನನಗೆ ಇನ್ನೂ ಕಷ್ಟ. ಇಲ್ಲಿ ಎಲ್ಲರೂ ಕ್ಷೇಮ. ಹೆಂಡತಿ ಕ್ಷೇಮ, ಅವಳ ಮಂಡಿನೋವು ಅವಳಿಗಿಂತ ಕ್ಷೇಮ. ಮಗಳಿಗೆ ಹತ್ತೊಂಬತ್ತು ತುಂಬಿತು. ನಾನೀಗ ಒಂದು ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುತ್ತೇನೆ. ಬೇರೆಯವರಿಗೆ ಕಾಣುವ ಹಾಗೆ ಮಾಡುವುದು ನನ್ನ ಕೆಲಸ ಎಂದು ಹೆಂಡತಿ ನಗುತ್ತಾಳೆ. ನನ್ನ ಕನ್ನಡಕ ಮಾತ್ರ ಸದಾ ಮನೆಯಲ್ಲೆಲ್ಲೋ ಕಳೆದಿರುತ್ತದೆ.

ತಡವಾದದ್ದಕ್ಕೆ ನೀನೇ ಕಾರಣ. ಇಪ್ಪತ್ತಾರು ವರ್ಷದ ಮೇಲೆ ಬರೆದ ಕಾಗದದಲ್ಲಿ ನಾಲ್ಕೇ ಸಾಲು. ಪಂಪು ರಿಪೇರಿ ಮಾಡಿಕೊಂಡಿದ್ದೇನೆ, ಆರೋಗ್ಯ ಪರವಾಗಿಲ್ಲ, ಆ ಬಾಹ್ಯಾಕಾಶ ಹಡಗಿನ ಸಿನಿಮಾದ ಆರನೆಯ ಭಾಗ ಬಂದಿದೆಯಂತೆ. ಕೊನೆಗೆ: 'ಈಗಲೂ ನಿನಗೆ ಮೂರನೆಯದೇ ದೊಡ್ಡದಾ?' ಇದಕ್ಕೆ ಹೌದು ಎಂದು ಒಂದು ಕಾರ್ಡು ಹಾಕಿದ್ದರೆ ಮುಗಿಯುತ್ತಿತ್ತು. ಆದರೆ ನೀನು ಕೇಳಿದ್ದೀಯ ಎಂದ ಮೇಲೆ ಆರನ್ನೂ ಮತ್ತೆ ನೋಡಿಯೇ ಉತ್ತರ ಕೊಡೋಣ ಎಂದುಕೊಂಡೆ. ಮೂರನೆಯದನ್ನು ನಮ್ಮ ಟಾಕೀಸಿನಲ್ಲಿ ನೋಡಿದ ಮೇಲೆ ನಾನು ಮತ್ತೆ ನೋಡಿರಲೇ ಇಲ್ಲ. ಕೆಟ್ಟೀತು ಎಂಬ ಭಯ.

ಮಗಳು ಜೊತೆಗೆ ಕೂತಳು. ಈ ಭಾನುವಾರ ಒಂದು, ಮುಂದಿನ ಭಾನುವಾರ ಇನ್ನೊಂದು, ಮಧ್ಯಾಹ್ನ ಊಟವಾದ ಮೇಲೆ. ಅವಳು ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಅಂಕ ಹಾಕುತ್ತಿದ್ದಳು. ಮೊದಲನೆಯದಕ್ಕೆ ಹತ್ತಕ್ಕೆ ಏಳು. ಹಡಗು ರಟ್ಟಿನದು ಎಂದು ಗೊತ್ತಾಗುತ್ತದೆ, ಆದರೂ ಅದರೊಳಗಿನವರು ಮನೆಗೆ ಹೋಗಬೇಕು ಅಂದರೆ ನಮಗೂ ಹೋಗಬೇಕು ಅನ್ನಿಸುತ್ತದಲ್ಲ, ಅದಕ್ಕೆ. ಎರಡನೆಯದಕ್ಕೆ ಒಂಬತ್ತು. ಅದರ ಬಗ್ಗೆ ಲೋಕದಲ್ಲಿ ಎರಡು ಮಾತಿಲ್ಲ. ನಾಲ್ಕನೆಯದರಲ್ಲಿ ಮಾತಾಡುವ ಯಂತ್ರವೊಂದು ಬಂದು ಎರಡು ಗಂಟೆ ಹಾಸ್ಯ ಮಾಡುತ್ತದೆ. ನಮ್ಮ ಮಾವನವರ ಹಾಗೆ. ಐದನೆಯದರಲ್ಲಿ ಬರೀ ಹೊಡೆದಾಟ, ಹಡಗು ಎಲ್ಲಿಗೆ ಹೊರಟಿತ್ತೆಂಬುದೇ ಅದನ್ನು ತೆಗೆದವರಿಗೆ ಮರೆತುಹೋಗಿದೆ. ಆರನೆಯದರಲ್ಲಿ ಹಳೆಯ ನಟರು ಹೊಟ್ಟೆ ಹೊತ್ತುಕೊಂಡು ವಾಪಸು ಬಂದಿದ್ದಾರೆ. ನಾನು ಸ್ವಲ್ಪ ಅತ್ತೆ. ಮಗಳು ಐದು ಹಾಕಿ, ನನ್ನ ಮುಖ ನೋಡಿ ಆರು ಮಾಡಿದಳು. ಒಂದೇ ಮನೆಯಲ್ಲಿ ಹುಟ್ಟಿದ ಮಕ್ಕಳು ಹೀಗೆ ಬೇರೆಬೇರೆ ಆಗುವುದೇಕೆ ಎಂದು ಯಾರನ್ನು ಕೇಳುವುದು?

ಮೂರನೆಯದನ್ನು ನಾನು ಬೇಕೆಂದೇ ಕೊನೆಗೆ ಇಟ್ಟಿದ್ದೆ. ಅದು ಇವತ್ತು ಮಧ್ಯಾಹ್ನ ಆಯಿತು.

ಅದರ ಬಗ್ಗೆ ನಾನು ಎಷ್ಟು ಜನರ ಹತ್ತಿರ ವಾದ ಮಾಡಿದ್ದೇನೆಂದು ನಿನಗೆ ಗೊತ್ತಿಲ್ಲ. ಎಲ್ಲರೂ ಅದೇ ಎಲ್ಲಕ್ಕಿಂತ ಕಳಪೆ ಎನ್ನುತ್ತಾರೆ. ನಿರ್ದೇಶಕ ಬದಲಾದ, ಕಥೆ ಎಳೆದಾಡಿತು, ಇತ್ಯಾದಿ. ನಾನು ಅವರಿಗೆ ಊಟದ ದೃಶ್ಯ ಹೇಳುತ್ತಿದ್ದೆ. ಹಡಗಿನ ಕ್ಯಾಪ್ಟನ್, ನಾವಿಬ್ಬರೂ ಅಜ್ಜಿ ಎಂದು ಕರೆಯುತ್ತಿದ್ದವಳು, ಹಡಗಿನ ಹೊರಗೆ ಬಿರುಕು ಮುಚ್ಚಲು ಹೋಗಿ ಸಾಯುತ್ತಾಳೆ. ಹಗ್ಗ ಕತ್ತರಿಸಿಹೋಗುತ್ತದೆ, ಕತ್ತಲೆಯಲ್ಲಿ ಸಣ್ಣದಾಗುತ್ತಾ ಹೋಗುತ್ತಾಳೆ. ತಕ್ಷಣ ಊಟದ ಮೇಜು. ಅಜ್ಜಿ ಅಲ್ಲಿ ಕೂತಿದ್ದಾಳೆ. ಉಪ್ಪು ಕೊಡಿ ಎನ್ನುತ್ತಾಳೆ. ಯಾರೂ ಬೆಚ್ಚುವುದಿಲ್ಲ, ಒಬ್ಬ ಉಪ್ಪು ಕೊಡುತ್ತಾನೆ. ಅವಳು ತನ್ನ ಬೂಟು ಹೊಲಿದುಕೊಳ್ಳುತ್ತಾ ಮೆಕ್ಯಾನಿಕ್‌ನನ್ನು ಗೇಲಿ ಮಾಡುತ್ತಾಳೆ. ಆಮೇಲೆ ಅವಳ ಕುರ್ಚಿ ಖಾಲಿ, ಹಡಗು ಮನೆಗೆ ಹೊರಡುತ್ತದೆ. ವಿವರಣೆ ಒಂದೂ ಇಲ್ಲ. ಸತ್ತವರು ಇಪ್ಪತ್ತು ನಿಮಿಷ ಬಂದು ಊಟ ಮಾಡಿ ಹೋಗುತ್ತಾರೆ. ಇಷ್ಟು ಧೈರ್ಯ ಯಾರಿಗಿದೆ ಎಂದು ನಾನು ಕೇಳುತ್ತಿದ್ದೆ. ಕೇಳಿದವರು ಸುಮ್ಮನಾಗುತ್ತಿದ್ದರು. ನನ್ನ ಮಾತಿಗೆ ಸೋತರು ಎಂದುಕೊಂಡಿದ್ದೆ.

ಅದು ನಮ್ಮ ಟಾಕೀಸಿಗೆ ಬಂದ ವಾರ ನನ್ನ ಅಪ್ಪ ಹೋಗಿ ಎರಡು ತಿಂಗಳಾಗಿತ್ತು. ನಿನಗೆ ನೆನಪಿರಬಹುದು. ಟಿಕೆಟ್ ಕಿಟಕಿ ಮುಚ್ಚಿ ಒಳಗೆ ಬಂದು ನಾನು ಅದನ್ನು ಮೂರು ಸಲ ನೋಡಿದೆ.

ಇವತ್ತು ಮಗಳಿಗೆ ಮೊದಲೇ ಹೇಳಿಟ್ಟೆ: 'ಅಜ್ಜಿ ಸಾಯ್ತಾಳೆ. ಆಮೇಲೆ ಏನಾಗುತ್ತೆ ನೋಡು.' ಊಟದ ದೃಶ್ಯ ಬಂತು. ಅಜ್ಜಿ ಇನ್ನೂ ಬದುಕಿದ್ದಳು. ಇದು ಬೇರೆ ಊಟವಿರಬೇಕು ಎಂದುಕೊಂಡೆ. ಉಪ್ಪು, ಬೂಟು, ಗೇಲಿ, ಎಲ್ಲ ಅದೇ. ನಂತರ ಅವಳು ಹೊರಗೆ ಹೋದಳು, ಹಗ್ಗ ತುಂಡಾಯಿತು, ಸಣ್ಣದಾದಳು. ನಾನು ಕುರ್ಚಿಯ ತುದಿಗೆ ಬಂದು ಕೂತೆ. ಖಾಲಿ ಕುರ್ಚಿ ಬಂತು. ಕೆಲಸ ಮಾಡಿದವರ ಹೆಸರುಗಳು ಮೇಲಕ್ಕೆ ಹೋದವು.

ಮಗಳು ಕಾದು ಕಾದು ಕೇಳಿದಳು: 'ಅಪ್ಪ, ಆಮೇಲೆ ಏನಾಗುತ್ತೆ?'

ಇಷ್ಟೇ ಎಂದೆ. 'ನೀನು ಬೇರೆ ಯಾವುದೋ ಸಿನಿಮಾ ನೋಡಿರಬೇಕು ಬಿಡು' ಎಂದು ಅವಳು ನಾಲ್ಕು ಅಂಕ ಹಾಕಿ ಎದ್ದುಹೋದಳು. ನಾಲ್ಕು ಸರಿಯಾಗಿಯೇ ಇದೆ. ಆ ಕ್ರಮದಲ್ಲಿ ಅದು ಸಪ್ಪೆ ಸಿನಿಮಾ. ಮುದುಕಿಯೊಬ್ಬಳು ಊಟ ಮಾಡುತ್ತಾಳೆ, ಆಮೇಲೆ ಸಾಯುತ್ತಾಳೆ. ಎಲ್ಲರೂ ಮಾಡುವುದು ಅದನ್ನೇ.

ಮತ್ತೆ ಹಿಂದಕ್ಕೆ ಓಡಿಸಿ ಗಡಿಯಾರ ನೋಡಿದೆ. ಊಟ ಶುರುವಾಗುವುದು ಎಂಬತ್ತನೆಯ ನಿಮಿಷಕ್ಕೆ. ಅಜ್ಜಿ ಹೊರಡುವುದು ನೂರನೆಯದಕ್ಕೆ. ನಡುವೆ ಇಪ್ಪತ್ತು ನಿಮಿಷ, ಅಂದರೆ ಒಂದು ರೀಲು. ಪ್ರೊಜೆಕ್ಟರ್ ಕ್ಯಾಬಿನ್ನಿನಲ್ಲಿ ಒಂಬತ್ತು ವರ್ಷ ರೀಲು ಏರಿಸಿ ಇಳಿಸಿದ ನಿನಗೆ ನಾನು ಹೇಳಬೇಕಾಗಿಲ್ಲ. ನಮ್ಮ ಟಾಕೀಸಿನಲ್ಲಿ ಆರನೆಯ ರೀಲು ಓಡಿದ ಮೇಲೆ ಐದನೆಯದು ಓಡಿತ್ತು.

ಮಂಗಳವಾರ

ಎರಡು ದಿನದಿಂದ ಅಂಗಡಿಯಲ್ಲಿ ಕೆಲಸ ಹತ್ತುತ್ತಿಲ್ಲ. ಒಬ್ಬರ ಬಲಗಣ್ಣಿನ ಗಾಜನ್ನು ಎಡಗಣ್ಣಿಗೆ ಕೂರಿಸಿಬಿಟ್ಟೆ. ಹಾಕಿಕೊಂಡ ಹೆಂಗಸು ಒಂದು ನಿಮಿಷ ಬೀದಿ ನೋಡಿ, ಎಲ್ಲ ಸ್ವಲ್ಪ ವಾಲಿದ ಹಾಗಿದೆ, ಆದರೆ ಚೆನ್ನಾಗಿದೆ ಎಂದರು. ಕಸಿದುಕೊಳ್ಳುವ ಹಾಗೆ ವಾಪಸು ತೆಗೆದುಕೊಂಡೆ.

ನನಗೆ ಗೊತ್ತಾಗಬೇಕಾದದ್ದು ಒಂದೇ. ಅದು ಕೈತಪ್ಪೋ, ಬೇಕೆಂದು ಮಾಡಿದ್ದೋ? ಕೈತಪ್ಪಾದರೆ ಒಂದು ಆಟಕ್ಕೆ ಆಗುತ್ತದೆ. ನಾನು ನೋಡಿದ ಮೂರು ಸಲವೂ ಹಾಗೇ ಇತ್ತು. ಆದರೆ ರೀಲಿನ ಡಬ್ಬಿಯ ಮೇಲಿನ ಚೀಟಿಯನ್ನೇ ತಪ್ಪು ಅಂಟಿಸಿದ್ದರೆ ವಾರವಿಡೀ ಹಾಗೆಯೇ ಓಡುತ್ತದೆ. ಆಗ ನಿನ್ನ ಮಗಳು ಹುಟ್ಟಿ ಹತ್ತು ದಿನ, ನಿನ್ನ ಕಣ್ಣು ಸದಾ ಕೆಂಪಗಿರುತ್ತಿತ್ತು. ನೀನು ನಿಂತಲ್ಲೇ ತೂಕಡಿಸುತ್ತಿದ್ದೆ. ಹಾಗಾಗಿ ಕೈತಪ್ಪೇ ಇರಬೇಕು ಎನ್ನಿಸುತ್ತದೆ. ಅಷ್ಟರಲ್ಲಿ ಇನ್ನೊಂದು ನೆನಪಾಗುತ್ತದೆ. ಮೊದಲ ಆಟಕ್ಕೆ ಮುಂಚೆ ನೀನೊಬ್ಬನೇ ಪೂರ್ತಿ ಓಡಿಸಿ ನೋಡಿ, ಕಬ್ಬಿಣದ ಮೆಟ್ಟಿಲಿಳಿದು ಬಂದು ಕಿಟಕಿಗೆ ಒರಗಿ, 'ಎರಡನೆಯದರ ಮುಂದೆ ಇದು ಸಪ್ಪೆ ಕಣೋ. ಏನಾದ್ರೂ ಮಾಡ್ಬೇಕು ಇದಕ್ಕೆ' ಅಂದಿದ್ದೆ. ನೀನು ಜಾಹೀರಾತಿನ ಮಾತಾಡುತ್ತಿದ್ದೀಯ ಎಂದುಕೊಂಡು ನಾನು ದೊಡ್ಡ ಪೋಸ್ಟರ್ ಅಂಟಿಸಿದೆ.

ಕೈತಪ್ಪಾಗಿದ್ದರೆ, ಒಂದು ತಪ್ಪು ಚೀಟಿಯನ್ನು ಇಪ್ಪತ್ತಾರು ವರ್ಷ ತಲೆಯ ಮೇಲೆ ಹೊತ್ತು ಮೆರೆದ ದಡ್ಡ ನಾನು. ಬೇಕೆಂದು ಮಾಡಿದ್ದರೆ, ಆ ಆರು ಸಿನಿಮಾ ತೆಗೆದವರಲ್ಲೆಲ್ಲ ದೊಡ್ಡವನು ನೀನು. ಎರಡರಲ್ಲಿ ಯಾವುದು ನಿಜವಾಗಲಿ ಎಂದು ಬಯಸಬೇಕೋ ತಿಳಿಯುತ್ತಿಲ್ಲ. ಅಪ್ಪ ಮೇಜಿಗೆ ಬಂದು ಉಪ್ಪು ಕೇಳಿದ್ದು ಎರಡರಲ್ಲೂ ಹಾಗೇ ಉಳಿಯುತ್ತದೆಯೇ?

ನೀನು ಕೆಲಸ ಬಿಟ್ಟದ್ದು ಆ ವಾರದ ಕೊನೆಗೇ. ಕ್ಯಾಬಿನ್ನಿನಲ್ಲಿ ಬೀಡಿ ಸೇದಿದ್ದಕ್ಕೆ ತೆಗೆದರು ಎಂದು ಎಲ್ಲರೂ ಹೇಳಿಕೊಂಡರು. ಮೊನ್ನೆಯವರೆಗೂ ನಾನು ಅದನ್ನೇ ನಂಬಿದ್ದೆ.

ನಿನ್ನ ಮಗಳು ಈಗ ಏನು ಮಾಡುತ್ತಿದ್ದಾಳೆ ಎಂದು ನೀನು ಬರೆದಿಲ್ಲ. ಎಲ್ಲಿದ್ದರೂ ಚೆನ್ನಾಗಿರಲಿ, ಅಪ್ಪನಷ್ಟು ಎತ್ತರ ಬೆಳೆಯದೆ ಇದ್ದರೆ ಇನ್ನೂ ಒಳ್ಳೆಯದು. ಅತ್ತಿಗೆಗೆ ನನ್ನ ನಮಸ್ಕಾರ. ನಿನ್ನ ಕೈಗೆ ಶಕ್ತಿ ಇರಲಿ, ಪಂಪುಗಳು ನೀರೆತ್ತುತ್ತಿರಲಿ.

ನಿನ್ನ,
ಕಿಟಕಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ಆ ವಾರದ ಶುಕ್ರವಾರ ಟಾಕೀಸಿನ ಮಾಲೀಕರು ಟೀ ಲೋಟ ಹಿಡಿದು ಕಿಟಕಿಯ ಹತ್ತಿರ ಬಂದು ಸಿನಿಮಾ ಹೇಗಿದೆ ಎಂದು ಕೇಳಿದ್ದರು. ಅವರು ಅದನ್ನು ಬೇರೆ ಊರಿನಲ್ಲಿ ಮೊದಲೇ ನೋಡಿದ್ದರು, ನನಗೆ ಗೊತ್ತಿರಲಿಲ್ಲ. ನಾನು ಹತ್ತು ನಿಮಿಷ ಊಟದ ದೃಶ್ಯವನ್ನೇ ಹೊಗಳಿದೆ. 'ಸತ್ತ ಮೇಲೆ ಊಟಕ್ಕೆ ಬರ್ತಾಳಾ?' ಎಂದರು. 'ಹೂಂ ಸಾರ್, ಅಲ್ಲೇ ಇರೋದು ಮಜಾ' ಎಂದೆ. ಅವರು ಲೋಟವನ್ನು ನನ್ನ ಕಿಟಕಿಯಲ್ಲಿಟ್ಟು ಕ್ಯಾಬಿನ್ನಿನ ಮೆಟ್ಟಿಲು ಹತ್ತಿದರು. ಮರುದಿನ ನೀನು ಬಟ್ಟೆಯ ಚೀಲ ಹಿಡಿದು ಇಳಿದು ಬಂದೆ, 'ಯಾರಾದ್ರೂ ದೂರು ಹೇಳಿದ್ರೇನೋ?' ಎಂದು ಕೇಳಿದೆ. ಯಾರೂ ದೂರು ಹೇಳಿಲ್ಲ ಎಂದೆ ನಾನು. ಅದು ಸುಳ್ಳಾಗಿರಲಿಲ್ಲ, ಉದ್ದಣ್ಣ. ನಾನು ಹೊಗಳಿದ್ದೆ.